ಸಿ ಪ್ರೋಗ್ರಾಮ್ ಒಳಗೊಂದು ಸ್ಕ್ರಿಪ್ಟ್ ಭಾಷೆ: ಕೂರಿಸುವುದು ಸುಲಭ, ಗಡಿ ಕಾಯುವುದೇ ಕೆಲಸ

ಸ್ಕ್ರಿಪ್ಟ್ ಭಾಷೆ ಬೇಕೇ ಬೇಕು ಅಂತ ಯಾರೂ ಸಿ ಪ್ರೋಗ್ರಾಮ್ ಶುರು ಮಾಡುವುದಿಲ್ಲ. ಮೊದಲು ಇರುವುದು ಒಂದು ಕಾನ್ಫಿಗ್ ಫೈಲ್. ಬಂದ ಮೇಲ್‌ಗಳನ್ನು ಬೇರೆ ಬೇರೆ ಫೋಲ್ಡರ್‌ಗೆ ಹಂಚುವ ಪ್ರೋಗ್ರಾಮ್ ಒಂದಿದೆ ಅಂದುಕೊಳ್ಳಿ. ಈ ವಿಳಾಸದಿಂದ ಬಂದದ್ದು ಈ ಫೋಲ್ಡರ್‌ಗೆ ಅಂತ ಸಾಲು ಸಾಲಾಗಿ ಬರೆದರೆ ಶುರುವಿಗೆ ಸಾಕು. ಆಮೇಲೆ ಯಾರೋ ಬಂದು, ಸಬ್ಜೆಕ್ಟ್‌ನಲ್ಲಿ ಇಂಥ ಪದ ಇದ್ದರೆ ಮಾತ್ರ ಆಗಬೇಕು ಅನ್ನುತ್ತಾರೆ. ಇನ್ನೊಬ್ಬರಿಗೆ ಇದು ಇರಬೇಕು, ಆದರೆ ಅದು ಇರಬಾರದು. ಅದಕ್ಕೆ ಬ್ರಾಕೆಟ್ ಬೇಕಾಗುತ್ತದೆ. ಒಂದೇ ಷರತ್ತನ್ನು ಹತ್ತು ಕಡೆ ಬರೆಯುವುದು ಬೇಡ ಅಂತ ಷರತ್ತಿಗೆ ಹೆಸರಿಡುವ ಸೌಲಭ್ಯ ಬರುತ್ತದೆ. ಅಷ್ಟು ಹೊತ್ತಿಗೆ ನಿಮಗೇ ಗೊತ್ತಿಲ್ಲದ ಹಾಗೆ ಒಂದು ಭಾಷೆ ಹುಟ್ಟಿರುತ್ತದೆ. ಅದರಲ್ಲಿ ಲೂಪ್ ಇಲ್ಲ. ತಪ್ಪಾದರೆ ಯಾವ ಸಾಲಿನಲ್ಲಿ ಅಂತ ಹೇಳುವುದಿಲ್ಲ. ಅದನ್ನು ಕಲಿಸುವ ಒಂದು ಪುಟವೂ ಎಲ್ಲೂ ಸಿಗುವುದಿಲ್ಲ.

ಇದಕ್ಕೆ ಚೆನ್ನಾದ ದಾರಿ ಬಹಳ ಹಿಂದಿನಿಂದಲೂ ಇದೆ. ಯಾರೋ ಶ್ರದ್ಧೆಯಿಂದ ಮಾಡಿಟ್ಟ ಭಾಷೆಯ ಇಂಟರ್‌ಪ್ರಿಟರನ್ನು, ಅಂದರೆ ಆ ಭಾಷೆಯ ಕೋಡ್ ಓದಿ ಓಡಿಸುವ ಪ್ರೋಗ್ರಾಮನ್ನು, ಲೈಬ್ರರಿಯಾಗಿ ತಂದು ನಿಮ್ಮ ಪ್ರೋಗ್ರಾಮ್ ಒಳಗೇ ಕೂರಿಸಿಕೊಳ್ಳುವುದು. ಇದಕ್ಕೇ ಎಂಬೆಡ್ ಮಾಡುವುದು ಅನ್ನುತ್ತೇವೆ. ಪೈಥಾನ್ ಪ್ರೋಗ್ರಾಮ್‌ನಲ್ಲಿ ನಂಪೈ ಎಂಬ ಲೆಕ್ಕದ ಲೈಬ್ರರಿ ಬಳಸಿದಾಗಲೂ ಸಿ ಮತ್ತು ಸ್ಕ್ರಿಪ್ಟ್ ಎರಡೂ ಕೂಡುತ್ತವೆ. ಆದರೆ ಅಲ್ಲಿ ಯಜಮಾನಿಕೆ ಪೈಥಾನ್‌ನದು, ಸಿ ಕೋಡ್ ಕರೆದಾಗ ಬರುತ್ತದೆ. ಎಂಬೆಡ್ ಮಾಡಿದಾಗ ಇದು ತಿರುಗುಮುರುಗು. ಮೇನ್ ಫಂಕ್ಷನ್ ನಿಮ್ಮದು, ಇವೆಂಟ್ ಲೂಪ್ ನಿಮ್ಮದು, ನೀವು ಕರೆದಾಗ ಮಾತ್ರ ಇಂಟರ್‌ಪ್ರಿಟರ್ ಓಡುತ್ತದೆ. ಕರೆಯದಿದ್ದರೆ ಅದು ಮೆಮೊರಿಯಲ್ಲಿ ಸುಮ್ನೆ ಕೂತಿರುವ ಒಂದಷ್ಟು ಡೇಟಾ, ಅಷ್ಟೇ.

ಈ ಯೋಚನೆಯನ್ನೇ ಬುನಾದಿಯಾಗಿ ಇಟ್ಟುಕೊಂಡು ಹುಟ್ಟಿದ ಭಾಷೆಗಳಿವೆ. ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಜಾನ್ ಔಸ್ಟರ್‌ಹೌಟ್ ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಬರೆಯುತ್ತಿದ್ದರು. ಒಂದೊಂದು ಟೂಲ್‌ಗೂ ಒಂದೊಂದು ಬಡಕಲು ಕಮಾಂಡ್ ಭಾಷೆ ಇತ್ತು. ಎಲ್ಲದಕ್ಕೂ ಆಗುವ ಒಂದೇ ಭಾಷೆಯನ್ನು ಲೈಬ್ರರಿಯಾಗಿ ಮಾಡೋಣ ಅಂತ 1988ರಲ್ಲಿ ಟಿಕ್ಲ್ ಶುರುವಾಯಿತು. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ, ಪಾಂಟಿಫಿಕಲ್ ಕ್ಯಾಥೊಲಿಕ್ ಯೂನಿವರ್ಸಿಟಿಯಲ್ಲಿ ರಾಬರ್ಟೊ ಯೆರುಸಾಲಿಮ್‌ಸ್ಕಿ, ವಾಲ್ಡೆಮಾರ್ ಸೆಲೆಸ್, ಲೂಯಿಸ್ ಎನ್ರಿಕೆ ಡಿ ಫಿಗೆರೆಡೊ ಸೇರಿ 1993ರಲ್ಲಿ ಲುವಾ ಮಾಡಿದರು. ಅದಕ್ಕೂ ಮೊದಲು ಅವರ ತಂಡ ಪೆಟ್ರೊಬ್ರಾಸ್ ಎಂಬ ತೈಲ ಕಂಪನಿಯ ಎಂಜಿನಿಯರ್‌ಗಳಿಗಾಗಿ ಎರಡು ಪುಟ್ಟ ಕಾನ್ಫಿಗ್ ಭಾಷೆಗಳನ್ನು ಮಾಡಿಕೊಟ್ಟಿತ್ತು. ಬಳಸುವವರು ಇನ್ನಷ್ಟು ಬೇಕು ಅಂತ ಕೇಳುತ್ತಾ ಹೋದರು, ಆ ಎರಡರ ಜಾಗಕ್ಕೆ ಒಂದು ಪೂರ್ತಿ ಭಾಷೆ ಬಂತು. ನಮ್ಮ ಮೇಲ್ ಪ್ರೋಗ್ರಾಮ್‌ನ ಕಥೆಯೂ ಇದೇ ಅಲ್ವಾ?

ಈ ಲೇಖನದಲ್ಲಿ ಲುವಾವನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅದರ ಮೂಲ ಕೋಡ್ ಸುಮಾರು 30,000 ಸಾಲು ಸಿ. ಹೊರಗಿನ ಯಾವ ಲೈಬ್ರರಿಯೂ ಬೇಡ. ಎಲ್ಲಾ ಸ್ಟ್ಯಾಂಡರ್ಡ್ ಲೈಬ್ರರಿಗಳ ಜೊತೆ ಕಂಪೈಲ್ ಮಾಡಿದರೂ ಹೆಚ್ಚುಕಡಿಮೆ 300 ಕಿಲೋಬೈಟ್. ನನ್ನ ಪ್ರಕಾರ ಎಂಬೆಡ್ ಮಾಡುವುದು ಅಂದರೇನು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಭಾಷೆ ಇಲ್ಲ. ಗಡಿಯಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಅದು ಮುಚ್ಚಿಡುವುದಿಲ್ಲ.

ಗಡಿ ಅಂದೆ. ಹೇಳಬೇಕಾದ ಮುಖ್ಯ ವಿಷಯವೇ ಅದು. ಇಂಟರ್‌ಪ್ರಿಟರ್ ಶುರು ಮಾಡಲು ಹತ್ತು ಸಾಲು ಕೂಡ ಬೇಡ. ಲುವಾಎಲ್_ನ್ಯೂಸ್ಟೇಟ್ ಕರೆದರೆ ಒಂದು ಸ್ಟೇಟ್, ಅಂದರೆ ಇಂಟರ್‌ಪ್ರಿಟರ್‌ನ ಎಲ್ಲ ಡೇಟಾ ಇರುವ ಒಂದು ಪ್ರತಿ, ಸಿಗುತ್ತದೆ. ಲುವಾಎಲ್_ಓಪನ್‌ಲಿಬ್ಸ್ ಕರೆದರೆ ಸ್ಟ್ಯಾಂಡರ್ಡ್ ಲೈಬ್ರರಿಗಳು ಬರುತ್ತವೆ. ಲುವಾಎಲ್_ಡುಫೈಲ್‌ಗೆ ಫೈಲ್ ಹೆಸರು ಕೊಟ್ಟರೆ ಸ್ಕ್ರಿಪ್ಟ್ ಓಡುತ್ತದೆ. ಕೊನೆಗೆ ಲುವಾ_ಕ್ಲೋಸ್. ಇಷ್ಟನ್ನು ಮಾಡಿ, ಪರದೆ ಮೇಲೆ ಒಂದು ಸಾಲು ಮೂಡಿಸಿ, ಕೆಲಸ ಮುಗಿಯಿತು ಅಂದುಕೊಳ್ಳುವವರು ತುಂಬಾ ಜನ. ಮುಂದೆ ಬರುವ ಒಂದೊಂದು ತೊಂದರೆಯೂ ಎರಡು ಭಾಷೆಗಳು ಮುಟ್ಟುವ ಆ ತೆಳು ಗೆರೆಯಲ್ಲೇ ಇರುತ್ತದೆ. ಒಂದು ಮೌಲ್ಯ ಗೆರೆ ದಾಟಿದಾಗ ಅದರ ಮೆಮೊರಿ ಯಾರದು? ಆಚೆ ಕಡೆ ಎರರ್ ಆದರೆ ಈಚೆ ಕಡೆಯ ಗತಿಯೇನು? ಆಚೆಗೆ ಹೋದ ಕಂಟ್ರೋಲ್ ವಾಪಸ್ ಬರದಿದ್ದರೆ?

ಸ್ಟ್ಯಾಕ್ ಯಾಕೆ ಬೇಕಾಯಿತು

ಲುವಾದ ಸಿ ಎಪಿಐ, ಅಂದರೆ ಸಿಯಿಂದ ಲುವಾವನ್ನು ಬಳಸಲು ಇರುವ ಫಂಕ್ಷನ್‌ಗಳನ್ನು, ನೋಡಿದವರು ಮೊದಲು ತಬ್ಬಿಬ್ಬಾಗುವುದು ಸ್ಟ್ಯಾಕ್ ಕಂಡು, ಅಂದರೆ ಒಂದರ ಮೇಲೊಂದು ಮೌಲ್ಯ ಪೇರಿಸುವ ಜಾಗ ಕಂಡು. ಲುವಾದಲ್ಲಿರುವ ಒಂದು ಟೇಬಲ್ (ಹೆಸರು, ಮೌಲ್ಯಗಳ ಪಟ್ಟಿ) ಕೊಡು ಅಂತ ಕೇಳಿದರೆ ಅದರ ಮೆಮೊರಿ ವಿಳಾಸ ಹೇಳುವ ಪಾಯಿಂಟರ್ ಸಿಗುವುದಿಲ್ಲ. ಟೇಬಲ್ ಒಂದು ಸ್ಟ್ಯಾಕ್ ಮೇಲೆ ಬಂದು ಕೂರುತ್ತದೆ. ಅದನ್ನು ನೀವು ಜಾಗದ ನಂಬರ್ ಹೇಳಿಯೇ ಮುಟ್ಟಬೇಕು. ಕೆಳಗಿನಿಂದ ಎಣಿಸಿದರೆ 1, 2, 3. ಮೇಲಿನಿಂದ ಎಣಿಸಿದರೆ -1, -2, -3. ಈ ಸುತ್ತು ದಾರಿ ಯಾಕೆ?

ಎರಡು ಕಾರಣಗಳಿವೆ. ಸಿಯಲ್ಲಿ ಪ್ರತಿ ವೇರಿಯಬಲ್‌ಗೂ ಕಂಪೈಲ್ ಆಗುವಾಗಲೇ ಟೈಪ್ ಗೊತ್ತಿರುತ್ತದೆ. ಲುವಾದಲ್ಲಿ ವೇರಿಯಬಲ್‌ಗೆ ಟೈಪ್ ಇಲ್ಲ, ಟೈಪ್ ಇರುವುದು ಮೌಲ್ಯಕ್ಕೆ. ಈಗ ನಂಬರ್ ಇದ್ದದ್ದು ಇನ್ನೊಂದು ಗಳಿಗೆಗೆ ಸ್ಟ್ರಿಂಗ್ ಆಗಬಹುದು. ಎರಡನೆಯ ಕಾರಣ ಇನ್ನೂ ದೊಡ್ಡದು. ಸಿಯಲ್ಲಿ ಮೆಮೊರಿಯನ್ನು ನೀವೇ ಕೇಳಿ ಪಡೆದು ನೀವೇ ಬಿಡಬೇಕು. ಲುವಾದಲ್ಲಿ ಆ ಕೆಲಸ ಗಾರ್ಬೇಜ್ ಕಲೆಕ್ಟರ್‌ನದು. ಯಾರೂ ಹಿಡಿದುಕೊಂಡಿಲ್ಲದ ವಸ್ತುವನ್ನು ಅದು ಗುಡಿಸಿ ಹಾಕುತ್ತದೆ. ನಿಮ್ಮ ಸಿ ವೇರಿಯಬಲ್ ಒಂದು ಲುವಾ ಟೇಬಲ್‌ನ ಪಾಯಿಂಟರ್ ಹಿಡಿದುಕೊಂಡಿದೆ ಅಂತಿಟ್ಟುಕೊಳ್ಳಿ. ಕಲೆಕ್ಟರ್‌ಗೆ ಆ ವೇರಿಯಬಲ್ ಕಾಣುವುದಿಲ್ಲ. ಟೇಬಲ್ ಯಾರಿಗೂ ಬೇಡ ಅಂದುಕೊಂಡು ಅದನ್ನು ತೆಗೆದುಬಿಡುತ್ತದೆ. ನಿಮ್ಮ ಪಾಯಿಂಟರ್ ಸತ್ತ ಜಾಗವನ್ನು ತೋರಿಸುತ್ತಾ ಉಳಿಯುತ್ತದೆ.

ಸ್ಟ್ಯಾಕ್ ಎರಡನ್ನೂ ಒಂದೇ ಏಟಿಗೆ ಬಗೆಹರಿಸುತ್ತದೆ. ಅದರ ಒಂದೊಂದು ಜಾಗದಲ್ಲೂ ಯಾವ ಟೈಪಿನ ಲುವಾ ಮೌಲ್ಯ ಬೇಕಾದರೂ ಕೂರಬಹುದು. ಸ್ಟ್ಯಾಕ್ ಲುವಾದ್ದೇ ಆದ್ದರಿಂದ ಅದರ ಮೇಲಿರುವುದೆಲ್ಲ ಕಲೆಕ್ಟರ್‌ಗೆ ಕಾಣುತ್ತದೆ. ಅಲ್ಲಿರುವವರೆಗೂ ಆ ಮೌಲ್ಯಕ್ಕೆ ಸಾವಿಲ್ಲ.

ನಮ್ಮ ಮೇಲ್ ಪ್ರೋಗ್ರಾಮ್‌ಗೆ ಬರೋಣ. ಬಳಸುವವರು ತಮ್ಮ ಸ್ಕ್ರಿಪ್ಟ್‌ನಲ್ಲಿ ರೂಟ್ ಅನ್ನುವ ಫಂಕ್ಷನ್ ಬರೆಯುತ್ತಾರೆ. ಅದಕ್ಕೆ ಕಳಿಸಿದವರ ವಿಳಾಸ ಮತ್ತು ಸಬ್ಜೆಕ್ಟ್ ಕೊಟ್ಟರೆ ಫೋಲ್ಡರ್ ಹೆಸರು ವಾಪಸ್ ಬರಬೇಕು. ಸಿ ಕಡೆಯಿಂದ ಮೊದಲು ಲುವಾ_ಗೆಟ್‌ಗ್ಲೋಬಲ್ ಕರೆದು ರೂಟ್ ಅನ್ನು ಸ್ಟ್ಯಾಕ್ ಮೇಲೆ ತರುತ್ತೇವೆ. ಈಗ ಒಂದು ವಸ್ತು ಇದೆ. ಲುವಾ_ಪುಶ್‌ಸ್ಟ್ರಿಂಗ್ ಎರಡು ಸಲ ಕರೆದು ವಿಳಾಸವನ್ನೂ ಸಬ್ಜೆಕ್ಟನ್ನೂ ಇಡುತ್ತೇವೆ. ಈಗ ಮೂರು. ಆಮೇಲೆ ಲುವಾ_ಪಿಕಾಲ್‌ಗೆ ಎರಡು ಆರ್ಗ್ಯುಮೆಂಟ್ ಇವೆ, ಒಂದು ಉತ್ತರ ಬೇಕು ಅಂತ ಹೇಳುತ್ತೇವೆ. ಅದು ಆ ಮೂರನ್ನೂ ತೆಗೆದು ಫಂಕ್ಷನ್ ಓಡಿಸಿ, ಉತ್ತರವನ್ನು ಸ್ಟ್ಯಾಕ್ ಮೇಲೆ ಇಡುತ್ತದೆ. ಮತ್ತೆ ಒಂದು. ಲುವಾ_ಟುಸ್ಟ್ರಿಂಗ್‌ಗೆ -1 ಕೊಟ್ಟು ಉತ್ತರ ಓದುತ್ತೇವೆ. ಕೊನೆಗೆ ಲುವಾ_ಪಾಪ್ ಮಾಡಿ ಸ್ಟ್ಯಾಕನ್ನು ಮೊದಲಿದ್ದ ಹಾಗೆ ಬಿಡುತ್ತೇವೆ.

ಆ ಕೊನೆಯ ಪಾಪ್ ಮರೆತರೆ? ಏನೂ ಆಗುವುದಿಲ್ಲ, ಅವತ್ತಿಗೆ. ಪ್ರತಿ ಮೇಲ್‌ಗೂ ಒಂದೊಂದು ಮೌಲ್ಯ ಸ್ಟ್ಯಾಕ್ ಮೇಲೆ ಉಳಿಯುತ್ತಾ ಹೋಗುತ್ತದೆ. ಸಿಗೆ ಸಿಗುವ ಜಾಗ ಖಾತ್ರಿ ಇರುವುದು 20 ಮಾತ್ರ. ಜಾಸ್ತಿ ಬೇಕಾದರೆ ಲುವಾ_ಚೆಕ್‌ಸ್ಟ್ಯಾಕ್ ಕರೆದು ಕೇಳಬೇಕು. ಕೇಳದೆ ಇಡುತ್ತಾ ಹೋದರೆ ಲುವಾ ತಡೆಯುವುದಿಲ್ಲ, ವೇಗಕ್ಕಾಗಿ ಆ ಪರೀಕ್ಷೆಯನ್ನೇ ಬಿಟ್ಟಿದೆ. ಮೆಮೊರಿ ಕೆಡುತ್ತದೆ, ಪ್ರೋಗ್ರಾಮ್ ಸಂಬಂಧವೇ ಇಲ್ಲದ ಇನ್ನೆಲ್ಲೋ ಬೀಳುತ್ತದೆ. ಹಾಗಾಗಿ ಸಿಯಿಂದ ಲುವಾ ಕರೆಯುವ ಪ್ರತಿ ಫಂಕ್ಷನ್‌ನ ಶುರುವಿನಲ್ಲಿ ಲುವಾ_ಗೆಟ್‌ಟಾಪ್ ಕೇಳಿ ಎತ್ತರ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ಅಷ್ಟೇ ಇದೆಯೇ ಅಂತ ಅಸರ್ಟ್ ಹಾಕಿ. ಜೊತೆಗೆ ಲುವಾವನ್ನು ಲುವಾ_ಯೂಸ್_ಎಪಿಐಚೆಕ್ ಅನ್ನುವ ಮ್ಯಾಕ್ರೋ ಹಾಕಿ ಕಂಪೈಲ್ ಮಾಡಿದರೆ ಇಂಥ ತಪ್ಪುಗಳು ಆದ ಜಾಗದಲ್ಲೇ ಸಿಕ್ಕಿಬೀಳುತ್ತವೆ. ಡೀಬಗ್ ಬಿಲ್ಡ್‌ನಲ್ಲಿ ಇದು ಯಾವಾಗಲೂ ಇರಬೇಕು.

ಎದುರು ದಿಕ್ಕಿನಲ್ಲೂ ಇದೇ ಸ್ಟ್ಯಾಕ್. ಸ್ಕ್ರಿಪ್ಟ್‌ಗೆ ಕಾಣಬೇಕಾದ ಸಿ ಫಂಕ್ಷನ್‌ಗಳಿಗೆಲ್ಲ ಒಂದೇ ಆಕಾರ: ಸ್ಟೇಟನ್ನು ತೆಗೆದುಕೊಂಡು ಒಂದು ಇಂಟ್ ವಾಪಸ್ ಕೊಡಬೇಕು. ಆರ್ಗ್ಯುಮೆಂಟ್‌ಗಳು ಸ್ಟ್ಯಾಕ್ ಮೇಲೆ 1, 2, 3 ಅಂತ ಸಿಗುತ್ತವೆ. ಉತ್ತರಗಳನ್ನು ನೀವು ಮೇಲಿಟ್ಟು, ಎಷ್ಟು ಇಟ್ಟೆ ಅಂತ ಆ ಇಂಟ್‌ನಲ್ಲಿ ಹೇಳಬೇಕು. ಒಂದು ಫಂಕ್ಷನ್ ಮೂರು ಉತ್ತರ ಕೊಡಬೇಕಾದರೂ ಕಷ್ಟವಿಲ್ಲ. ಆರ್ಗ್ಯುಮೆಂಟ್ ಸರಿಯಾಗಿದೆಯೇ ಅಂತ ನೋಡಲು ಲುವಾಎಲ್_ಚೆಕ್‌ಸ್ಟ್ರಿಂಗ್ ತರದ ಫಂಕ್ಷನ್‌ಗಳಿವೆ. ಅವು ತಪ್ಪು ಕಂಡರೆ ಎಷ್ಟನೆಯ ಆರ್ಗ್ಯುಮೆಂಟ್, ಏನು ಬೇಕಿತ್ತು, ಏನು ಬಂತು ಅಂತ ಸ್ಕ್ರಿಪ್ಟ್ ಬರೆದವರಿಗೆ ಅರ್ಥವಾಗುವ ಎರರ್ ಕೊಡುತ್ತವೆ. ಇವನ್ನು ಬಳಸಲು ಸೋಮಾರಿತನ ಮಾಡಬಾರದು. ಸ್ಕ್ರಿಪ್ಟ್ ಏನು ಕೊಟ್ಟರೂ ಸಿ ಕಡೆ ಕ್ರ್ಯಾಶ್ ಆಗಬಾರದು. ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ.

ಪಾಯಿಂಟರ್ ಗೆರೆ ದಾಟಿದಾಗ

ಲುವಾ_ಟುಸ್ಟ್ರಿಂಗ್ ಕೊಡುವುದು ಲುವಾದ ಒಳಗಿನ ಸ್ಟ್ರಿಂಗ್‌ಗೆ ನೇರ ಪಾಯಿಂಟರ್. ಆ ಸ್ಟ್ರಿಂಗ್ ಸ್ಟ್ಯಾಕ್ ಮೇಲಿರುವವರೆಗೆ ಚಿಂತೆಯಿಲ್ಲ. ಪಾಪ್ ಮಾಡಿದ ಮೇಲೂ ಪಾಯಿಂಟರ್ ಇಟ್ಟುಕೊಂಡರೆ ಅದಕ್ಕೆ ಯಾವ ಭರವಸೆಯೂ ಇಲ್ಲ. ಇದರ ಕಾಟ ಏನೆಂದರೆ, ಟೆಸ್ಟ್ ಮಾಡುವಾಗ ಕಲೆಕ್ಟರ್ ಆ ಹೊತ್ತಿಗೆ ಓಡದೆ ಇರಬಹುದು, ಎಲ್ಲ ಸರಿಯಾಗೇ ಕಾಣುತ್ತದೆ. ಫೋಲ್ಡರ್ ಹೆಸರು ಬೇಕಿದ್ದರೆ ಪಾಪ್ ಮಾಡುವ ಮೊದಲೇ ನಕಲು ಮಾಡಿಕೊಳ್ಳಿ. ಎದುರು ದಿಕ್ಕಿನಲ್ಲಿ ಈ ತಲೆಬಿಸಿ ಇಲ್ಲ, ನೀವು ಪುಶ್ ಮಾಡಿದ ಸ್ಟ್ರಿಂಗನ್ನು ಲುವಾ ತಾನೇ ನಕಲು ಮಾಡಿಕೊಳ್ಳುತ್ತದೆ.

ಕೆಲವೊಮ್ಮೆ ಲುವಾ ಮೌಲ್ಯವನ್ನು ಸಿ ಕಡೆ ಬಹಳ ಹೊತ್ತು ಹಿಡಿದುಕೊಳ್ಳಬೇಕಾಗುತ್ತದೆ. ಹೊಸ ಮೇಲ್ ಬಂದಾಗ ಈ ಫಂಕ್ಷನ್ ಕರಿ ಅಂತ ಸ್ಕ್ರಿಪ್ಟ್ ಒಂದು ಕಾಲ್‌ಬ್ಯಾಕ್ ಕೊಡುತ್ತದೆ, ಅದನ್ನು ಕರೆಯುವುದು ಎಷ್ಟೋ ಹೊತ್ತಿನ ಮೇಲೆ. ಅದಕ್ಕಾಗಿ ಲುವಾದಲ್ಲಿ ರಿಜಿಸ್ಟ್ರಿ ಅನ್ನುವ ಗುಪ್ತ ಟೇಬಲ್ ಇದೆ. ಲುವಾಎಲ್_ರೆಫ್ ಕರೆದರೆ ಮೌಲ್ಯ ಅಲ್ಲಿ ಹೋಗಿ ಕೂರುತ್ತದೆ, ನಿಮಗೊಂದು ನಂಬರ್ ಸಿಗುತ್ತದೆ. ಬೇಡವಾದಾಗ ಲುವಾಎಲ್_ಅನ್‌ರೆಫ್ ಕರೆಯಲೇಬೇಕು. ಇಲ್ಲದಿದ್ದರೆ ಕಲೆಕ್ಟರ್ ಇದ್ದೂ ಮೆಮೊರಿ ಸೋರುತ್ತದೆ.

ನಿಜವಾದ ಕಷ್ಟ ಶುರುವಾಗುವುದು ನಿಮ್ಮ ಸ್ಟ್ರಕ್ಟ್‌ಗಳನ್ನು ಸ್ಕ್ರಿಪ್ಟ್‌ಗೆ ತೋರಿಸುವಾಗ. ಮೇಲ್ ಅನ್ನುವುದು ಸಿಯ ಸ್ಟ್ರಕ್ಟ್. ಸ್ಕ್ರಿಪ್ಟ್‌ಗೆ ಬರೀ ಎರಡು ಸ್ಟ್ರಿಂಗ್ ಸಾಲದು, ಇಡೀ ಮೇಲ್ ಬೇಕು ಅಂತ ಬಳಸುವವರು ಕೇಳುತ್ತಾರೆ. ಲುವಾದಲ್ಲಿ ಇದಕ್ಕೆ ಯೂಸರ್‌ಡೇಟಾ ಇದೆ. ಅಂದರೆ ಲುವಾ ಕೊಡುವ ಒಂದು ಮೆಮೊರಿ ತುಂಡು. ಒಳಗೇನಿದೆ ಅಂತ ಸ್ಕ್ರಿಪ್ಟ್‌ಗೆ ಕಾಣುವುದಿಲ್ಲ, ನೀವು ಅಂಟಿಸಿದ ಮೆಟಾಟೇಬಲ್‌ನ (ಆ ವಸ್ತುವನ್ನು ಹೇಗೆ ಬಳಸಬಹುದು ಅಂತ ಹೇಳುವ ಟೇಬಲ್) ಫಂಕ್ಷನ್‌ಗಳ ಮೂಲಕವಷ್ಟೇ ಮುಟ್ಟಬಹುದು. ಲುವಾಎಲ್_ಚೆಕ್‌ಯುಡೇಟಾ ಆ ಮೆಟಾಟೇಬಲನ್ನೇ ಗುರುತಾಗಿ ನೋಡಿ, ಬಂದದ್ದು ಮೇಲ್ ಹೌದೋ ಅಲ್ಲವೋ ಅಂತ ಹೇಳುತ್ತದೆ. ಬರೀ ಪಾಯಿಂಟರನ್ನು ದಾಟಿಸುವ ಲೈಟ್ ಯೂಸರ್‌ಡೇಟಾ ಕೂಡ ಇದೆ. ಎಲ್ಲಾ ಲೈಟ್ ಯೂಸರ್‌ಡೇಟಾಗಳಿಗೂ ಸೇರಿ ಇರುವುದು ಒಂದೇ ಮೆಟಾಟೇಬಲ್. ಹಾಗಾಗಿ ಮೇಲ್‌ನ ಪಾಯಿಂಟರ್ ಯಾವುದು, ಫೋಲ್ಡರ್‌ನ ಪಾಯಿಂಟರ್ ಯಾವುದು ಅಂತ ಬಿಡಿಸಿ ನೋಡಲು ಆಗುವುದಿಲ್ಲ. ಬಳಸುವವರು ಬರೆಯುವ ಸ್ಕ್ರಿಪ್ಟ್‌ಗೆ ಅದನ್ನು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಯೋಚಿಸಿ. ಮೇಲ್ ಹಂಚಿ ಆದ ಮೇಲೆ ಸಿ ಕಡೆ ಆ ಸ್ಟ್ರಕ್ಟ್ ಫ್ರೀ ಆಗುತ್ತದೆ. ಸ್ಕ್ರಿಪ್ಟ್ ಮಾತ್ರ ಮೇಲನ್ನು ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಕೊಂಡಿದೆ. ಮುಂದಿನ ಸಲ ಅದು ಹಳೆಯ ಮೇಲ್‌ನ ಸಬ್ಜೆಕ್ಟ್ ಕೇಳಿದರೆ? ಸ್ಕ್ರಿಪ್ಟ್ ಬರೆದವರು ಯಾವ ತಪ್ಪೂ ಮಾಡಿಲ್ಲ. ಪ್ರೋಗ್ರಾಮ್ ಬಿದ್ದರೆ ತಪ್ಪು ಸಿ ಬರೆದವರದು.

ಇದಕ್ಕೆ ನನಗೆ ತುಂಬಾ ಹಿಡಿಸಿದ ಪರಿಹಾರ ಹೀಗಿದೆ. ಯೂಸರ್‌ಡೇಟಾದಲ್ಲಿ ಮೇಲನ್ನೇ ಇಡಬೇಡಿ. ಮೇಲ್‌ಗೆ ಒಂದು ಪಾಯಿಂಟರ್ ಮಾತ್ರ ಇಡಿ. ಸಿ ಕಡೆ ಮೇಲ್ ಫ್ರೀ ಮಾಡುವಾಗ ಆ ಪಾಯಿಂಟರನ್ನು ನಲ್ ಮಾಡಿ. ಸ್ಕ್ರಿಪ್ಟ್‌ಗೆ ಕೊಟ್ಟ ಪ್ರತಿ ಫಂಕ್ಷನ್ ಮೊದಲು ನಲ್ ಇದೆಯೇ ಅಂತ ನೋಡಲಿ, ಇದ್ದರೆ 'ಈ ಮೇಲ್ ಈಗ ಇಲ್ಲ' ಅಂತ ಎರರ್ ಕೊಡಲಿ. ಕ್ರ್ಯಾಶ್ ಆಗುವ ಜಾಗದಲ್ಲಿ ಸ್ಕ್ರಿಪ್ಟ್‌ನ ಸಾಲಿನ ನಂಬರ್ ಜೊತೆ ಒಂದು ಎರರ್ ಬರುತ್ತದೆ. ವಸ್ತುವಿನ ಆಯುಷ್ಯ ಪೂರ್ತಿ ಸ್ಕ್ರಿಪ್ಟ್‌ಗೇ ಸೇರಿದ್ದಾದರೆ, ಉದಾಹರಣೆಗೆ ಸ್ಕ್ರಿಪ್ಟ್ ತಾನೇ ತೆರೆದ ಫೈಲ್, ಆಗ ಮೆಟಾಟೇಬಲ್‌ನ ಜಿಸಿ ಫಂಕ್ಷನ್‌ನಲ್ಲಿ ಮುಚ್ಚುವ ಕೆಲಸ ಇಡಬಹುದು. ಆದರೆ ಕಲೆಕ್ಟರ್ ಯಾವಾಗ ಬರುತ್ತದೆ ಅಂತ ಹೇಳಲಾಗದು. ಹಾಗಾಗಿ ಕೈಯಾರೆ ಮುಚ್ಚುವ ಒಂದು ಕ್ಲೋಸ್ ಫಂಕ್ಷನ್ ಕೂಡ ಕೊಡಿ.

ಎರರ್ ಹಾರುವ ದಾರಿ

ಸಿಯಲ್ಲಿ ಎಕ್ಸೆಪ್ಶನ್ ಇಲ್ಲ. ಹಾಗಾದರೆ ಲುವಾದ ಒಳಗೆ ಎರರ್ ಆದಾಗ ಹೊರಗೆ ಬರುವುದು ಹೇಗೆ? ಲಾಂಗ್‌ಜಂಪ್ ಮೂಲಕ. ಹಿಂದೆ ಸೆಟ್‌ಜಂಪ್ ಗುರುತು ಹಾಕಿದ ಜಾಗಕ್ಕೆ, ನಡುವೆ ಇರುವ ಎಲ್ಲಾ ಸಿ ಫಂಕ್ಷನ್‌ಗಳನ್ನೂ ದಾಟಿ ಒಂದೇ ನೆಗೆತ. ಆ ಗುರುತು ಹಾಕುವುದೇ ಲುವಾ_ಪಿಕಾಲ್. ಅದರ ಬದಲು ಬರೀ ಲುವಾ_ಕಾಲ್ ಬಳಸಿ, ಹೊರಗೆಲ್ಲೂ ಪಿಕಾಲ್ ಇಲ್ಲದಿದ್ದರೆ, ಎರರ್‌ಗೆ ಹೋಗಲು ಜಾಗವೇ ಇರುವುದಿಲ್ಲ. ಲುವಾ ಪ್ಯಾನಿಕ್ ಫಂಕ್ಷನ್ ಕರೆಯುತ್ತದೆ, ಅದು ವಾಪಸ್ ಬಂದರೆ ಅಬಾರ್ಟ್. ಸ್ಕ್ರಿಪ್ಟ್‌ನ ಒಂದು ಅಕ್ಷರದ ತಪ್ಪಿಗೆ ನಿಮ್ಮ ಇಡೀ ಪ್ರೋಗ್ರಾಮ್ ಸಾಯುತ್ತದೆ.

ಪಿಕಾಲ್ ಬಳಸಿದರೂ ಒಂದು ಸೂಕ್ಷ್ಮ ಇದೆ. ಸ್ಕ್ರಿಪ್ಟ್ ಕರೆದ ನಿಮ್ಮ ಸಿ ಫಂಕ್ಷನ್ ಮೊದಲು ಮ್ಯಾಲಕ್ ಮಾಡಿ ಬಫರ್ ಪಡೆದಿದೆ. ಆಮೇಲೆ ಲುವಾಎಲ್_ಚೆಕ್‌ಸ್ಟ್ರಿಂಗ್ ಕರೆಯಿತು. ಆರ್ಗ್ಯುಮೆಂಟ್ ತಪ್ಪಿತ್ತು. ಲಾಂಗ್‌ಜಂಪ್ ನೆಗೆಯಿತು. ನಿಮ್ಮ ಫ್ರೀ ಸಾಲಿಗೆ ಕಂಟ್ರೋಲ್ ಬರಲೇ ಇಲ್ಲ. ಬಫರ್ ಸೋರಿತು. ಅದು ಬಫರ್ ಆಗಿರದೆ ಲಾಕ್ ಆಗಿದ್ದರೆ ಇನ್ನೂ ಕೆಟ್ಟದ್ದು, ಅದನ್ನು ಬಿಡಿಸುವವರೇ ಇಲ್ಲ. ಆರ್ಗ್ಯುಮೆಂಟ್ ಪರೀಕ್ಷೆಯನ್ನೆಲ್ಲ ಮೊದಲೇ ಮುಗಿಸಿ, ಆಮೇಲೆ ಮೆಮೊರಿ ಪಡೆಯುವುದು ಅರ್ಧ ಪರಿಹಾರ. ಅರ್ಧ ಯಾಕೆಂದರೆ ಲುವಾ_ಪುಶ್‌ಸ್ಟ್ರಿಂಗ್ ಕೂಡ ಮೆಮೊರಿ ಸಾಲದೆ ಎರರ್ ಎಸೆಯಬಹುದು. ಮ್ಯಾನುಯಲ್‌ನಲ್ಲಿ ಪ್ರತಿ ಎಪಿಐ ಫಂಕ್ಷನ್ ಪಕ್ಕದಲ್ಲಿ ಅದು ಎರರ್ ಎಸೆಯುತ್ತದೆಯೇ, ಯಾವಾಗ ಅಂತ ಒಂದು ಅಕ್ಷರದ ಗುರುತು ಇದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಪೂರ್ತಿ ಪರಿಹಾರ ಬೇಕಿದ್ದರೆ ಆ ಬಫರನ್ನು ಯೂಸರ್‌ಡೇಟಾ ಆಗಿಯೇ ಪಡೆಯಿರಿ. ನೆಗೆತ ಆದರೂ ಕಲೆಕ್ಟರ್ ಬಂದು ಗುಡಿಸುತ್ತದೆ.

ಸಿ++ ಜನಕ್ಕೆ ಒಂದು ಮಾತು. ಲಾಂಗ್‌ಜಂಪ್ ನಿಮ್ಮ ಡಿಸ್ಟ್ರಕ್ಟರ್‌ಗಳನ್ನು ಕರೆಯುತ್ತದೆ ಅಂತ ನಂಬುವ ಹಾಗಿಲ್ಲ. ಲುವಾವನ್ನು ಸಿ++ ಕಂಪೈಲರ್‌ನಲ್ಲೇ ಕಂಪೈಲ್ ಮಾಡಿದರೆ ಅದು ಲಾಂಗ್‌ಜಂಪ್ ಬಿಟ್ಟು ಎಕ್ಸೆಪ್ಶನ್ ಬಳಸುತ್ತದೆ.

ಎರರ್ ಸಿಕ್ಕಿತು, ಸಂದೇಶವೂ ಇದೆ. ಆದರೆ ಯಾವ ಫಂಕ್ಷನ್ ಯಾವುದನ್ನು ಕರೆದು ಅಲ್ಲಿಗೆ ಬಂತು? ಪಿಕಾಲ್ ವಾಪಸ್ ಬರುವ ಹೊತ್ತಿಗೆ ಆ ಹಾದಿ ಅಳಿಸಿ ಹೋಗಿರುತ್ತದೆ. ಅದಕ್ಕೇ ಪಿಕಾಲ್‌ಗೆ ಒಂದು ಮೆಸೇಜ್ ಹ್ಯಾಂಡ್ಲರ್ ಕೊಡಬಹುದು. ನೆಗೆಯುವ ಮೊದಲೇ ಅದು ಓಡುತ್ತದೆ, ಅಲ್ಲಿ ಲುವಾಎಲ್_ಟ್ರೇಸ್‌ಬ್ಯಾಕ್ ಕರೆದರೆ ಪೂರ್ತಿ ಹಾದಿ ಸಿಗುತ್ತದೆ. ಸ್ಕ್ರಿಪ್ಟ್ ಬರೆಯುವವರು ನಿಮ್ಮ ಸಿ ಕೋಡ್ ನೋಡಲಾರರು. ಅವರಿಗೆ ಇರುವ ಒಂದೇ ಆಸರೆ ಈ ಸಂದೇಶ.

ನಂಬಿಕೆ, ಸಮಯ, ಮೆಮೊರಿ

ಸ್ಕ್ರಿಪ್ಟ್ ನಿಮ್ಮದೇ ಆದರೆ ಈ ಭಾಗ ಅಷ್ಟು ಮುಖ್ಯವಲ್ಲ. ಬೇರೆಯವರದಾದರೆ ಬಹಳ ಮುಖ್ಯ. ಲುವಾದಲ್ಲಿ ಒಳ್ಳೆಯ ಸಂಗತಿ ಏನೆಂದರೆ, ಬರೀ ಹೊಸ ಸ್ಟೇಟ್‌ಗೆ ಏನೂ ಬರುವುದಿಲ್ಲ. ಫೈಲ್ ತೆರೆಯಲು ಬರುವುದಿಲ್ಲ, ಬೇರೆ ಪ್ರೋಗ್ರಾಮ್ ಓಡಿಸಲು ಬರುವುದಿಲ್ಲ, ಪರದೆ ಮೇಲೆ ಒಂದು ಪದ ಮೂಡಿಸಲೂ ಬರುವುದಿಲ್ಲ. ಓಪನ್‌ಲಿಬ್ಸ್ ಕರೆದು ಎಲ್ಲವನ್ನೂ ಕೊಟ್ಟು ಆಮೇಲೆ ಒಂದೊಂದೇ ಕಿತ್ತುಕೊಳ್ಳುವುದು ತಪ್ಪು ಕ್ರಮ. ಬೇಕಾದ ಲೈಬ್ರರಿಯನ್ನು ಮಾತ್ರ ಒಂದೊಂದಾಗಿ ಸೇರಿಸಿ.

ಯಾಕೆ ಅನ್ನುವುದಕ್ಕೆ 2022ರಲ್ಲಿ ಬಯಲಾದ ರೆಡಿಸ್ ಲೋಪ ನೋಡಿ. ರೆಡಿಸ್ ಡೇಟಾಬೇಸ್ ಒಳಗೆ ಲುವಾ ಇದೆ, ಅದಕ್ಕೆ ಗಟ್ಟಿ ಬೇಲಿಯೂ ಇದೆ. ಲಿನಕ್ಸ್ ವಿತರಣೆಯಾದ ಡೆಬಿಯನ್ ತನ್ನ ಪ್ಯಾಕೇಜ್ ಮಾಡುವಾಗ ರೆಡಿಸ್ ಜೊತೆ ಬರುವ ಲುವಾ ಬಿಟ್ಟು ಸಿಸ್ಟಮ್‌ನಲ್ಲಿದ್ದ ಲುವಾ ಲೈಬ್ರರಿಯನ್ನು ಜೋಡಿಸಿತು. ಆ ಬದಲಾವಣೆಯಲ್ಲಿ ಪ್ಯಾಕೇಜ್ ಅನ್ನುವ ಒಂದು ವೇರಿಯಬಲ್ ಸ್ಕ್ರಿಪ್ಟ್‌ಗೆ ಕಾಣುವ ಹಾಗೆ ಉಳಿದುಬಿಟ್ಟಿತು. ಅದರಲ್ಲಿ ಲೋಡ್‌ಲಿಬ್ ಫಂಕ್ಷನ್ ಇದೆ. ಅದರಿಂದ ಯಾವ ಸಿ ಲೈಬ್ರರಿ ಬೇಕಾದರೂ ಎಳೆದುಕೊಳ್ಳಬಹುದು, ಅಲ್ಲಿಂದ ಸರ್ವರ್ ಮೇಲೆ ಯಾವ ಕಮಾಂಡ್ ಬೇಕಾದರೂ ಓಡಿಸಬಹುದು. ಒಂದೇ ಒಂದು ಹೆಸರು ಉಳಿದದ್ದಕ್ಕೆ ಇಡೀ ಬೇಲಿ ಹೋಯಿತು.

ಮರೆಯುವ ಇನ್ನೊಂದು ಕಿಂಡಿ ಬೈಟ್‌ಕೋಡ್. ಲುವಾ ಲೋಡರ್ ಮೂಲ ಪಠ್ಯವನ್ನೂ ಓದುತ್ತದೆ, ಮೊದಲೇ ಕಂಪೈಲ್ ಆದ ಬೈಟ್‌ಕೋಡನ್ನೂ ಓದುತ್ತದೆ. ಬೇಕೆಂದೇ ಕೆಡಿಸಿದ ಬೈಟ್‌ಕೋಡ್ ಇಂಟರ್‌ಪ್ರಿಟರನ್ನೇ ಬೀಳಿಸಬಲ್ಲದು. ಲುವಾ 5.1ರಲ್ಲಿ ಇದನ್ನು ಪರೀಕ್ಷಿಸುವ ಕೋಡ್ ಇತ್ತು, 5.2ರಲ್ಲಿ ಅದನ್ನು ತೆಗೆದರು. ಹೊರಗಿನ ಸ್ಕ್ರಿಪ್ಟ್ ಆದರೆ ಪಠ್ಯ ಮಾತ್ರ ಸಾಕು ಅಂತ ಲೋಡ್ ಮಾಡುವಾಗಲೇ ಹೇಳಿ.

ಮೆಮೊರಿಗೆ ಮಿತಿ ಹಾಕುವುದು ಚೆಂದದ ಕೆಲಸ. ಲುವಾ_ನ್ಯೂಸ್ಟೇಟ್‌ಗೆ ನಿಮ್ಮದೇ ಅಲೊಕೇಟರ್, ಅಂದರೆ ಮೆಮೊರಿ ತಂದುಕೊಡುವ ಫಂಕ್ಷನ್, ಕೊಡಬಹುದು. ಎಷ್ಟು ಬೈಟ್ ಹೋಯಿತು ಅಂತ ಅದು ಲೆಕ್ಕ ಇಡಲಿ, ಮಿತಿ ಮೀರಿದರೆ ನಲ್ ಕೊಡಲಿ. ಲುವಾ ಒಮ್ಮೆ ಕಸ ಗುಡಿಸಿ ನೋಡುತ್ತದೆ, ಆಗಲೂ ಸಾಲದಿದ್ದರೆ ಮೆಮೊರಿ ಎರರ್ ಆಗಿ ಪಿಕಾಲ್‌ಗೆ ಬರುತ್ತದೆ.

ಸಮಯದ ಮಿತಿ ಇಷ್ಟು ಸಲೀಸಲ್ಲ. ಲುವಾ_ಸೆಟ್‌ಹುಕ್ ಬಳಸಿ, ಇಷ್ಟು ಸಾವಿರ ಇನ್‌ಸ್ಟ್ರಕ್ಷನ್‌ಗೆ ಒಮ್ಮೆ ನನ್ನ ಫಂಕ್ಷನ್ ಕರಿ ಅಂತ ಹೇಳಬಹುದು. ಸಮಯ ಮೀರಿದ್ದರೆ ಅಲ್ಲಿಂದ ಎರರ್ ಎಸೆಯಿರಿ. ಆದರೆ ಸ್ಕ್ರಿಪ್ಟ್ ಕೂಡ ಪಿಕಾಲ್ ಬಳಸಬಹುದಲ್ಲ? ಅನಂತ ಲೂಪ್ ಒಳಗೆ ಪಿಕಾಲ್ ಇಟ್ಟು ನಿಮ್ಮ ಎರರನ್ನು ನುಂಗಿ ಮುಂದುವರಿಯಬಹುದು. ಅದಕ್ಕೆ, ಒಮ್ಮೆ ಸಮಯ ಮೀರಿದ ಮೇಲೆ ಹುಕ್‌ನ ಎಣಿಕೆಯನ್ನು 1ಕ್ಕೆ ಇಳಿಸಿ. ಮುಂದಿನ ಒಂದೊಂದು ಇನ್‌ಸ್ಟ್ರಕ್ಷನ್‌ಗೂ ಎರರ್ ಬರುತ್ತದೆ, ಲೂಪ್‌ಗೂ ಉಸಿರಾಡಲು ಆಗುವುದಿಲ್ಲ. ಇಷ್ಟಾದರೂ ಹುಕ್ ಎಣಿಸುವುದು ಲುವಾದ ಇನ್‌ಸ್ಟ್ರಕ್ಷನ್‌ಗಳನ್ನು ಮಾತ್ರ. ಸ್ಟ್ರಿಂಗ್ ಹುಡುಕುವ ಫಂಕ್ಷನ್ ಸಿಯಲ್ಲಿದೆ. ಅದಕ್ಕೆ ಕೆಟ್ಟ ಪ್ಯಾಟರ್ನ್ ಮತ್ತು ಉದ್ದದ ಸ್ಟ್ರಿಂಗ್ ಕೊಟ್ಟರೆ ಹುಕ್‌ಗೆ ಸುಳಿವೇ ಸಿಗದ ಹಾಗೆ ಸಿಪಿಯು ತಿನ್ನುತ್ತಾ ಕೂರುತ್ತದೆ. ಪೂರ್ತಿ ಅಪರಿಚಿತರ ಕೋಡ್ ಓಡಿಸುವುದಾದರೆ ಅದನ್ನು ಬೇರೆ ಪ್ರೋಸೆಸ್‌ನಲ್ಲಿ ಓಡಿಸಿ, ಮಿತಿ ಮೀರಿದರೆ ಆಪರೇಟಿಂಗ್ ಸಿಸ್ಟಮ್ ಕೈಯಲ್ಲಿ ಕೊಲ್ಲಿಸಿ.

ರೆಡಿಸ್ ಇಲ್ಲೂ ಒಂದು ಪಾಠ ಕಲಿಸುತ್ತದೆ. 2012ರ 2.6 ಆವೃತ್ತಿಯಲ್ಲಿ ಲುವಾ ಬಂದಾಗಿನಿಂದಲೂ ಅಲ್ಲಿ ಒಂದು ಸ್ಕ್ರಿಪ್ಟ್ ಓಡುವಾಗ ಬೇರೆ ಕಮಾಂಡ್‌ಗಳು ಕಾಯುತ್ತವೆ. 5 ಸೆಕೆಂಡ್ ದಾಟಿದರೂ ರೆಡಿಸ್ ಅದನ್ನು ತಾನಾಗಿ ಕೊಲ್ಲುವುದಿಲ್ಲ. ಬೇರೆಯವರಿಗೆ ಬ್ಯುಸಿ ಅಂತ ಉತ್ತರ ಕೊಡುತ್ತದೆ, ಕೊಲ್ಲುವ ಕಮಾಂಡನ್ನು ಒಪ್ಪಿಕೊಳ್ಳುತ್ತದೆ. ಆ ಸ್ಕ್ರಿಪ್ಟ್ ಅಷ್ಟರಲ್ಲಿ ಡೇಟಾ ಬದಲಿಸಿದ್ದರೆ ಆ ಕಮಾಂಡ್ ಕೂಡ ನಡೆಯುವುದಿಲ್ಲ, ಅರ್ಧ ಬದಲಾದ ಡೇಟಾ ಉಳಿಯಬಾರದಲ್ಲ. ನಿಲ್ಲಿಸಿದ ಮೇಲೆ ಏನು ಉಳಿಯುತ್ತದೆ ಅಂತ ಯೋಚಿಸದೆ ಟೈಮ್‌ಔಟ್ ಹಾಕಬಾರದು.

ಬೇರೆ ಭಾಷೆ ಆರಿಸಿದರೆ

ಗಡಿಯ ಪ್ರಶ್ನೆಗಳು ಅವೇ, ಉತ್ತರಗಳು ಬೇರೆ. ಪೈಥಾನ್‌ನಲ್ಲಿ ಸ್ಟ್ಯಾಕ್ ಇಲ್ಲ. ವಸ್ತುವಿನ ಪಾಯಿಂಟರ್ ನೇರವಾಗಿ ಕೈಗೆ ಬರುತ್ತದೆ, ಅದರ ಜೊತೆ ರೆಫರೆನ್ಸ್ ಎಣಿಸುವ, ಅಂದರೆ ಆ ವಸ್ತುವನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಅಂತ ಲೆಕ್ಕ ಇಡುವ, ಹೊಣೆಯೂ ಬರುತ್ತದೆ. ಕೆಲವು ಫಂಕ್ಷನ್‌ಗಳು ಕೊಡುವುದು ಎರವಲು ರೆಫರೆನ್ಸ್, ಅದರ ಒಡೆತನ ನಿಮ್ಮದಲ್ಲ. ಪೈಲಿಸ್ಟ್_ಸೆಟ್‌ಐಟಮ್ ತರದ ಕೆಲವು ನಿಮ್ಮ ರೆಫರೆನ್ಸನ್ನು ತಾವೇ ಕಿತ್ತುಕೊಳ್ಳುತ್ತವೆ. ಯಾವುದು ಏನು ಅಂತ ಒಂದೊಂದೂ ನೆನಪಿರಬೇಕು. ಸ್ಟ್ಯಾಂಡರ್ಡ್ ಲೈಬ್ರರಿಯ ಫೈಲ್‌ಗಳನ್ನು ನಿಮ್ಮ ಪ್ರೋಗ್ರಾಮ್ ಜೊತೆ ಸಾಗಿಸಬೇಕು. ಪೈಥಾನ್ ಒಳಗೆ ಬೇಲಿ ಹಾಕುವ ಆಸೆ ಬಿಡಿ. ಅದಕ್ಕಾಗೇ ಇದ್ದ ಆರ್‌ಎಕ್ಸೆಕ್ ಮಾಡ್ಯೂಲನ್ನು 2.3ರಲ್ಲಿ ನಿಲ್ಲಿಸಿ, 3.0ರಲ್ಲಿ ತೆಗೆದೇ ಹಾಕಿದರು. ಥ್ರೆಡ್ ವಿಷಯದಲ್ಲೂ ವ್ಯತ್ಯಾಸ ಇದೆ. ಲುವಾ ಇಂಟರ್‌ಪ್ರಿಟರ್‌ನ ಸಿ ಕೋಡ್‌ನಲ್ಲಿ ಗ್ಲೋಬಲ್ ವೇರಿಯಬಲ್ ಇಲ್ಲ, ಎಲ್ಲವೂ ಸ್ಟೇಟ್ ಒಳಗೆ. ಥ್ರೆಡ್‌ಗೊಂದು ಸ್ಟೇಟ್ ಮಾಡಿದರೆ ಮುಗಿಯಿತು. ಪೈಥಾನ್‌ನಲ್ಲಿ ಒಂದು ಪ್ರೋಸೆಸ್‌ನ ಎಲ್ಲಾ ಇಂಟರ್‌ಪ್ರಿಟರ್‌ಗಳೂ ಒಂದೇ ಲಾಕ್ ಹಂಚಿಕೊಳ್ಳುತ್ತಿದ್ದವು, ಹಾಗಾಗಿ ಒಂದು ಹೊತ್ತಿಗೆ ಒಂದೇ ಓಡುತ್ತಿತ್ತು, ತಲಾ ಒಂದು ಲಾಕ್ ಸಾಧ್ಯವಾದದ್ದು 2023ರ 3.12ರಲ್ಲಿ. ಇಷ್ಟೆಲ್ಲ ಇದ್ದರೂ 3ಡಿ ಚಿತ್ರ ಮಾಡುವ ಬ್ಲೆಂಡರ್, ಡೀಬಗ್ ಮಾಡುವ ಜಿಡಿಬಿ ಪೈಥಾನನ್ನೇ ಆರಿಸಿಕೊಂಡಿವೆ. ಬಳಸುವವರಿಗೆ ಭಾಷೆ ಮೊದಲೇ ಗೊತ್ತಿರುತ್ತದೆ, ಲೈಬ್ರರಿಗಳು ರಾಶಿ ರಾಶಿ ಸಿಗುತ್ತವೆ. ಅದು ಸಣ್ಣ ಲಾಭವಲ್ಲ.

ಜಾವಾಸ್ಕ್ರಿಪ್ಟ್ ಬೇಕಿದ್ದರೆ ಫ್ಯಾಬ್ರಿಸ್ ಬೆಲಾರ್ಡ್ 2019ರಲ್ಲಿ ಬಿಡುಗಡೆ ಮಾಡಿದ ಕ್ವಿಕ್‌ಜೆಎಸ್ ಇದೆ, ಅಲ್ಲೂ ರೆಫರೆನ್ಸ್ ಎಣಿಕೆ. ರೂಬಿ ಇಷ್ಟವಾದರೆ ಎಂರೂಬಿ. ಟಿಕ್ಲ್‌ನ ಗಡಿ ಮೊದಮೊದಲು ಎಲ್ಲಕ್ಕಿಂತ ಸರಳವಾಗಿತ್ತು. ಮೇನ್ ಫಂಕ್ಷನ್‌ಗೆ ಬರುವ ಹಾಗೆಯೇ ಒಂದಷ್ಟು ಸ್ಟ್ರಿಂಗ್‌ಗಳು ಬರುತ್ತಿದ್ದವು. ವೇಗ ಸಾಲದೆ 1997ರ 8.0ರಲ್ಲಿ ಆಬ್ಜೆಕ್ಟ್‌ಗಳು ಬಂದವು.

ಸ್ಕ್ರಿಪ್ಟ್‌ಗೆ ಏನೇನು ತೋರಿಸಬೇಕು ಅನ್ನುವುದು ಕೊನೆಯ ಪ್ರಶ್ನೆ. ನಿಮ್ಮ ಸಿ ಫಂಕ್ಷನ್‌ಗಳನ್ನೆಲ್ಲ ಒಂದು ಟೂಲ್ ಬಳಸಿ ಸಾರಾಸಗಟಾಗಿ ಸ್ಕ್ರಿಪ್ಟ್‌ಗೆ ಕೊಡುವ ಆಸೆ ಹುಟ್ಟುತ್ತದೆ. ಬೇಡ. ಮೇಲ್ ಪ್ರೋಗ್ರಾಮ್‌ಗೆ ಕಳಿಸಿದವರು, ಸಬ್ಜೆಕ್ಟ್, ಹೆಡರ್ ಓದುವುದು, ಫೋಲ್ಡರ್‌ಗೆ ಹಾಕುವುದು, ಇಷ್ಟರಿಂದ ಶುರು ಮಾಡಿ. ಒಮ್ಮೆ ತೋರಿಸಿದ್ದನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಜನ ಅದರ ಮೇಲೆ ಸ್ಕ್ರಿಪ್ಟ್ ಬರೆದಿರುತ್ತಾರೆ. ಭಾಷೆಯ ಆವೃತ್ತಿಗೂ ಇದೇ ಮಾತು. ಲುವಾ 5.1 ಬಂದದ್ದು 2006ರಲ್ಲಿ. ಆಮೇಲೆ 5.2, 5.3, 5.4 ಬಂದವು. ಒಂದೊಂದರಲ್ಲೂ ಹಳೆಯ ಸ್ಕ್ರಿಪ್ಟ್ ಮುರಿಯುವಂಥ ಬದಲಾವಣೆಗಳಿದ್ದವು. ನಿಯೋವಿಮ್ ಎಡಿಟರ್ ತನ್ನ ಸ್ಕ್ರಿಪ್ಟ್‌ಗಳಿಗೆ ಲುವಾ 5.1 ಅನ್ನೇ ಶಾಶ್ವತ ಅಂತ ಘೋಷಿಸಿದೆ. ನಿಮ್ಮ ಪ್ರೋಗ್ರಾಮ್‌ಗೂ ಒಂದು ಆವೃತ್ತಿ ಆರಿಸಿ, ಅದರ ಮೂಲ ಕೋಡನ್ನು ನಿಮ್ಮ ರೆಪೊಸಿಟರಿಯಲ್ಲೇ ಇಟ್ಟುಕೊಳ್ಳಿ, ಯಾವ ಆವೃತ್ತಿ ಅಂತ ಡಾಕ್ಯುಮೆಂಟೇಶನ್‌ನ ಮೊದಲ ಪುಟದಲ್ಲೇ ಬರೆಯಿರಿ.